ಮರೆವಿನ ಕಾಯಿಲೆ: ಆರೈಕೆ ಮನೆಯಲ್ಲಿ ತಾಯ್ನುಡಿಯೂ ಬೇಕು

ವಯಸ್ಸಾದವರ ಮರೆವನ್ನು 'ಅರವತ್ತಕ್ಕೆ ಅರಳು ಮರಳು' ಎಂದು ತಳ್ಳಿಹಾಕುವುದು ನಮ್ಮಲ್ಲಿ ವಾಡಿಕೆ. ಆದರೆ ಉಂಡದ್ದನ್ನೇ ಮರೆಯುವುದು, ಮನೆಯ ದಾರಿ ತಪ್ಪುವುದು, ಮಕ್ಕಳನ್ನೇ ಗುರುತಿಸದಿರುವುದು ಮಿದುಳಿನ ಕಾಯಿಲೆಯ ಲಕ್ಷಣಗಳು. ಇದಕ್ಕೆ ಡಿಮೆನ್ಶಿಯಾ ಎಂದು ಹೆಸರು. ಇದರ ಮುಖ್ಯ ಕಾರಣವಾದ ಕಾಯಿಲೆಯನ್ನು 1906ರಲ್ಲಿ ಮೊದಲು ವಿವರಿಸಿದವರು ಜರ್ಮನಿಯ ವೈದ್ಯ ಅಲೋಯ್ಸ್ ಆಲ್ಝೈಮರ್. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ತೊಂದರೆಯಿದೆ.

ಸಂಪೂರ್ಣ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಹಾಗಾಗಿ ಆರೈಕೆಯೇ ಮುಖ್ಯ. ರಾತ್ರಿ ಹಗಲು ಕಾಯುವ ಮನೆಯವರು ಸೋತಾಗ ವಸತಿ ಆರೈಕೆ ಕೇಂದ್ರ ಬೇಕಾಗುತ್ತದೆ. ಅಲ್ಲಿಗೆ ಸೇರಿಸುವುದು ಕೈಬಿಟ್ಟಂತಲ್ಲ.

ಎಲ್ಲಿವೆ?

ಈ ಕ್ಷೇತ್ರದಲ್ಲಿ ಕೇರಳ ಬೇಗ ಎಚ್ಚೆತ್ತಿತು. ಆಲ್ಝೈಮರ್ಸ್ ಮತ್ತು ಸಂಬಂಧಿತ ಕಾಯಿಲೆಗಳ ಭಾರತೀಯ ಸಂಘ 1992ರಲ್ಲಿ ಅಲ್ಲಿ ಹುಟ್ಟಿತು. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ವಸತಿ ಕೇಂದ್ರ ತೆರೆಯಿತು.

ಭಾಷೆಯ ಪ್ರಶ್ನೆ

ಗಡಿನಾಡಿನವರು ಕೇಂದ್ರ ಹುಡುಕುವಾಗ ಇನ್ನೊಂದು ವಿಷಯ ಗಮನಿಸಬೇಕು. ಈ ಕಾಯಿಲೆಯಲ್ಲಿ ಹಲವರಿಗೆ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ಬಾಲ್ಯದ ಮಾತು ಉಳಿಯುತ್ತದೆ. ಕಾಸರಗೋಡಿನ ಪೇಟೆಯಲ್ಲಿ ಮಲಯಾಳದಲ್ಲೇ ವ್ಯವಹರಿಸಿದ ಅಜ್ಜ, ಜತ್ತದಲ್ಲಿ ಮರಾಠಿಯಲ್ಲೇ ಸಂತೆ ಮಾಡಿದ ಅಜ್ಜಿ ಕೊನೆಗೆ ಮನೆಮಾತಿಗೇ ಮರಳಬಹುದು. ನೀರು ಬೇಕು, ಹೊಟ್ಟೆ ನೋಯುತ್ತಿದೆ ಎಂದದ್ದು ಆಯಾಗೆ ತಿಳಿಯದಿದ್ದರೆ ಅವರು ರೇಗುತ್ತಾರೆ. ನೋಡಿದವರು ಅದನ್ನು ಹಟ ಎನ್ನುತ್ತಾರೆ.

ಎರಡು ಭಾಷೆ ಬಲ್ಲವರಿಗೆ ಒಂದು ಸಮಾಧಾನವೂ ಇದೆ. ಹೈದರಾಬಾದಿನಲ್ಲಿ 648 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಭಾಷೆಯವರಿಗಿಂತ ಅವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು.

ಸೇರಿಸುವ ಮುನ್ನ

* ಮನೆಮಾತು ಬಲ್ಲವರು ಹಗಲು, ರಾತ್ರಿ ಎರಡೂ ಪಾಳಿಯಲ್ಲಿ ಇದ್ದಾರೆಯೇ ಎಂದು ಕೇಳಿ.
* ಕಟ್ಟಿಹಾಕುವ, ನಿದ್ರೆ ಮಾತ್ರೆ ಕೊಟ್ಟು ಮಲಗಿಸುವ ಪದ್ಧತಿ ಇದೆಯೇ ವಿಚಾರಿಸಿ.
* ಮುನ್ಸೂಚನೆ ಕೊಡದೆ ಭೇಟಿಗೆ ಬರಬಹುದೇ ತಿಳಿಯಿರಿ.
* ಅವರನ್ನು ಕರೆಯುವ ಹೆಸರು, ಮಾಡಿದ ಕಸುಬು, ಇಷ್ಟದ ಊಟ, ಹಾಡು, ನೀರು, ನೋವು, ಶೌಚಕ್ಕೆ ಬಳಸುವ ಪದಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಪಕ್ಕದಲ್ಲೇ ಸ್ಥಳೀಯ ಭಾಷೆಯ ಅರ್ಥವನ್ನೂ ಬರೆಯಿರಿ.

ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567. ಹತ್ತಿರದ ಕೇಂದ್ರಗಳ ಬಗ್ಗೆ ಇಲ್ಲಿ ವಿಚಾರಿಸಬಹುದು.