ತಾಲ್ಲೂಕಿನ ಗಡಿ ಮತ್ತು ಪಡಿತರ ಸಾಗಣೆಯ ಯೋಜನೆ

ಪಡಿತರ ಧಾನ್ಯದ ಸಾಗಣೆ ವೆಚ್ಚ ತಗ್ಗಿಸುವ ಮಾತು ಬಂದಾಗ ಚರ್ಚೆ ಸಾಮಾನ್ಯವಾಗಿ ಲಾರಿ ಹೋಗುವ ದಾರಿಯನ್ನೇ ಹಿಡಿಯುತ್ತದೆ. ಯಾವ ನ್ಯಾಯಬೆಲೆ ಅಂಗಡಿಗೆ ಯಾವ ಗೋದಾಮಿನಿಂದ ಅಕ್ಕಿ ಹೋಗಬೇಕು ಎಂಬುದು ಅದಕ್ಕೂ ಮೊದಲಿನ ಪ್ರಶ್ನೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅಂಗಡಿಯ ಬಾಗಿಲಿಗೇ ಧಾನ್ಯ ಮುಟ್ಟಿಸುವ ಹೊಣೆಯನ್ನು ರಾಜ್ಯಗಳಿಗೆ ವಹಿಸಿದೆ. ಆದರೆ ಅಂಗಡಿಗಳನ್ನು ತಾಲ್ಲೂಕಿನ ಎಲ್ಲೆ ನೋಡಿ ಗೋದಾಮಿಗೆ ಜೋಡಿಸಿದಲ್ಲೆಲ್ಲ, ದಾರಿಯನ್ನು ಎಷ್ಟು ಜಾಣತನದಿಂದ ಆರಿಸಿದರೂ ಉಳಿಯುವುದು ಅಲ್ಪವೇ.

ಗಡಿಯಂಚಿನ ಒಂದು ಅಂಗಡಿಗೆ ತಿಂಗಳಿಗೆ 60 ಕ್ವಿಂಟಲ್, ಅಂದರೆ 50 ಕಿಲೋ ತೂಕದ 120 ಚೀಲ ಬೇಕು ಎಂದಿಟ್ಟುಕೊಳ್ಳೋಣ. ಸ್ವಂತ ತಾಲ್ಲೂಕಿನ ಗೋದಾಮು 38 ಕಿ.ಮೀ., ಪಕ್ಕದ್ದು 12 ಕಿ.ಮೀ. ದೂರದಲ್ಲಿದೆ. ಪಕ್ಕದ ಗೋದಾಮಿನಲ್ಲಿ ಜಾಗವಿಲ್ಲದಿದ್ದರೆ ಅಷ್ಟೇ ಧಾನ್ಯ ಪಡೆಯುವ ಬೇರೊಂದು ಅಂಗಡಿಯನ್ನು ಅಲ್ಲಿಂದ ಬಿಡಿಸಬೇಕಾಗುತ್ತದೆ. ಬಿಡಿಸಿದ ಅಂಗಡಿಗೆ 5 ಕಿ.ಮೀ. ಹೆಚ್ಚಾದರೂ ಒಟ್ಟಿನಲ್ಲಿ 21 ಕಿ.ಮೀ. ಉಳಿಯುತ್ತದೆ. ಪ್ರತಿ ಅಂಗಡಿಗೂ ಅದರ ಹತ್ತಿರದ ಗೋದಾಮೇ ಸರಿಯೆಂಬ ಸಹಜ ಊಹೆ ಇಲ್ಲಿ ಕೈಕೊಡುತ್ತದೆ. ತೂಗಬೇಕಾದದ್ದು ಎರಡು ದೂರಗಳ ವ್ಯತ್ಯಾಸವನ್ನು. 1941ರಲ್ಲಿ ಹಿಚ್‌ಕಾಕ್ ರೂಪಿಸಿದ ಸಾಗಣೆ ಸಮಸ್ಯೆಯ ತಿರುಳು ಇದೇ. ಲಾರಿಗಳ ಸರದಿಯ ಲೆಕ್ಕವನ್ನು ಡಾಂಟ್‌ಜಿಗ್ ಮತ್ತು ರಾಮ್ಸರ್ ಕೈಗೆತ್ತಿಕೊಂಡದ್ದು 1959ರಲ್ಲಿ. ಯೋಜನೆಯಲ್ಲೂ ಜೋಡಣೆ ಮೊದಲು, ಸರದಿ ನಂತರ ಬರುವುದು ಲೇಸು.

ಕೇಂದ್ರ ಆಹಾರ ಇಲಾಖೆಯು ವಿಶ್ವ ಆಹಾರ ಕಾರ್ಯಕ್ರಮ ಮತ್ತು ದೆಹಲಿ ಐಐಟಿಯ ನೆರವಿನಿಂದ ರೂಪಿಸಿ 2024ರ ಡಿಸೆಂಬರ್‌ನಲ್ಲಿ ಹೊರತಂದ ‘ಅನ್ನ ಚಕ್ರ’ ಎಂಬ ತಂತ್ರಾಂಶ ಇಂಥ ಮರುಜೋಡಣೆಯನ್ನೇ ಮಾಡುತ್ತದೆ. 30 ರಾಜ್ಯಗಳ ಅಧ್ಯಯನದ ಆಧಾರದ ಮೇಲೆ ವರ್ಷಕ್ಕೆ ಸುಮಾರು 250 ಕೋಟಿ ರೂಪಾಯಿ ಉಳಿಯಬಹುದೆಂದು ಸರ್ಕಾರ ಅಂದಾಜಿಸಿದೆ. ಇದು ಅಂದಾಜು ಎಂಬುದನ್ನು ಮರೆಯಬಾರದು. ತಾಲ್ಲೂಕಿನ ಎಲ್ಲೆ ದಾಟಿದರೆ ಕೊರತೆ ಬಿದ್ದ ಚೀಲಕ್ಕೆ ಉತ್ತರ ಹೇಳುವವರು ಯಾರು ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಚೀಲ ಹೊರಟ ತೂಕವನ್ನು ಗೋದಾಮೂ ಇಳಿದ ತೂಕವನ್ನು ಅಂಗಡಿಯೂ ದಾಖಲಿಸುತ್ತಿದ್ದರೆ ತಪಾಸಣೆಯ ಅಧಿಕಾರ ಹಳೆಯ ತಾಲ್ಲೂಕಿನಲ್ಲೇ ಇರಬಹುದು. ಲಾರಿ ಯಾವ ದಿಕ್ಕಿನಿಂದ ಬಂತೆಂಬುದು ಹೊಣೆಯನ್ನು ಬದಲಿಸುವುದಿಲ್ಲ. ಹಮಾಲರ ಕೆಲಸ ಮಾತ್ರ ಗೋದಾಮಿನಿಂದ ಗೋದಾಮಿಗೆ ಸರಿಯುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ತರಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಒಟ್ಟು ವೆಚ್ಚವನ್ನಷ್ಟೇ ತಗ್ಗಿಸುವ ಯೋಜನೆ ದೂರದ ಅಂಗಡಿಯನ್ನು ಸರದಿಯ ಕೊನೆಗೆ ತಳ್ಳೀತು. ಮಲೆನಾಡಿನ ಒಂಟಿ ಊರಿನಲ್ಲಿ ಕೂಲಿ ಬಿಟ್ಟು ಎರಡು ಸಲ ಅಂಗಡಿಗೆ ಬಂದು ಹೋಗುವವರ ನಷ್ಟ ಯಾವ ಬಾಡಿಗೆ ರಸೀದಿಯಲ್ಲೂ ಕಾಣುವುದಿಲ್ಲ. ಆದ್ದರಿಂದ ಪ್ರತಿ ಅಂಗಡಿಗೂ ಧಾನ್ಯ ಮುಟ್ಟಬೇಕಾದ ಕಡೆಯ ದಿನಾಂಕವನ್ನು ಲೆಕ್ಕದೊಳಗೇ ಕಡ್ಡಾಯ ನಿಬಂಧನೆಯಾಗಿ ಇಡಬೇಕು. ಅದರಿಂದ ಉಳಿತಾಯ ಒಂದಿಷ್ಟು ಕರಗಿದರೂ ಆ ವೆಚ್ಚವನ್ನು ಕಾಯ್ದೆಯ ಪಾಲನೆಗೆ ತಗಲುವ ಖರ್ಚೆಂದೇ ಬರೆದುಕೊಳ್ಳಬೇಕು.