ಡ್ಯಾಶ್‌ಬೋರ್ಡ್ ಸಪ್ಪಳ

ಡ್ಯಾಶ್‌ಬೋರ್ಡ್ ಸಪ್ಪಳ ಎಂದರೆ ಕಾರು ಚಲಿಸುವಾಗ ಅಥವಾ ಎಂಜಿನ್ ನಿಂತಲ್ಲೇ ಓಡುತ್ತಿರುವಾಗ ಚಾಲಕನ ಎದುರಿನ ಫಲಕದಿಂದಲೂ ಅದರ ಸುತ್ತಲಿನ ಭಾಗಗಳಿಂದಲೂ ಹೊರಡುವ ಅನಪೇಕ್ಷಿತ ಶಬ್ದ. ಸಡಿಲವಾದ ಕ್ಲಿಪ್, ಒಂದಕ್ಕೊಂದು ಉಜ್ಜುವ ಪ್ಲಾಸ್ಟಿಕ್ ಅಂಚುಗಳು, ಅಲುಗಾಡುವ ತಂತಿಗಳ ಕಟ್ಟು ಮತ್ತು ಗ್ಲೋವ್ ಬಾಕ್ಸ್‌ನಲ್ಲಿ ಉಳಿದ ಸಣ್ಣ ವಸ್ತುಗಳು ಇದರ ಸಾಮಾನ್ಯ ಕಾರಣಗಳು. ಬಹುಪಾಲು ಸಂದರ್ಭಗಳಲ್ಲಿ ಈ ಸಪ್ಪಳದಿಂದ ವಾಹನದ ಓಟಕ್ಕೆ ಅಡ್ಡಿಯಿಲ್ಲ. ಆದರೆ ಅದು ಚಾಲಕನ ಗಮನವನ್ನು ಕದಡುತ್ತದೆ. ಕೆಲವೊಮ್ಮೆ ಸ್ಟಿಯರಿಂಗ್ ಅಥವಾ ಸಸ್ಪೆನ್ಷನ್ ಭಾಗದ ಸವೆತದ ಮುನ್ಸೂಚನೆಯೂ ಆಗಿರುತ್ತದೆ. ದುರಸ್ತಿಯಲ್ಲಿ ಕಷ್ಟದ ಕೆಲಸ ಸದ್ದಿನ ಮೂಲವನ್ನು ಪತ್ತೆ ಹಚ್ಚುವುದು. ಮೂಲ ತಿಳಿದ ಮೇಲೆ ಒಂದು ತುಂಡು ಫೆಲ್ಟ್ ಬಟ್ಟೆಯಿಂದಲೋ ಹೊಸ ಕ್ಲಿಪ್‌ನಿಂದಲೋ ಅದು ಸರಿಹೋಗುವುದುಂಟು. ಇಂದಿನ ಕಾರುಗಳ ಡ್ಯಾಶ್‌ಬೋರ್ಡಿನೊಳಗೆ ಏರ್‌ಬ್ಯಾಗ್ ಇರುವುದರಿಂದ ಎಲ್ಲ ಭಾಗಗಳನ್ನೂ ಮನೆಯಲ್ಲಿ ಬಿಚ್ಚುವಂತಿಲ್ಲ.

ಹಿನ್ನೆಲೆ

ಡ್ಯಾಶ್‌ಬೋರ್ಡ್ ಎಂಬ ಪದ ಕುದುರೆ ಗಾಡಿಗಳ ಕಾಲದ್ದು. ಓಡುವ ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಗಾಡಿಯಲ್ಲಿ ಕುಳಿತವರ ಮೇಲೆ ಬೀಳದಂತೆ ಮುಂಭಾಗದಲ್ಲಿ ನಿಲ್ಲಿಸುತ್ತಿದ್ದ ಹಲಗೆಗೆ ಆ ಹೆಸರಿತ್ತು. ಮೋಟಾರು ವಾಹನಗಳು ಬಂದ ಮೇಲೆ ಅದೇ ಜಾಗದಲ್ಲಿ ವೇಗಮಾಪಕ, ಸ್ವಿಚ್ಚುಗಳು ಸೇರಿಕೊಂಡವು. ಹಳೆಯ ಕಾರುಗಳಲ್ಲಿ ಈ ಫಲಕ ಹೆಚ್ಚಾಗಿ ಉಕ್ಕಿನ ಹಾಳೆ ಅಥವಾ ಮರದ್ದಾಗಿರುತ್ತಿತ್ತು. ಅಪಘಾತದಲ್ಲಿ ಪ್ರಯಾಣಿಕರಿಗೆ ಆಗುವ ಪೆಟ್ಟನ್ನು ತಗ್ಗಿಸಲು ಮತ್ತು ತೂಕ, ವೆಚ್ಚ ಎರಡನ್ನೂ ಇಳಿಸಲು ಮುಂದೆ ಪ್ಲಾಸ್ಟಿಕ್ ಬಳಕೆಗೆ ಬಂದಿತು. ಭಾರತದಲ್ಲಿ 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಪ್ಲಾಸ್ಟಿಕ್ ಡ್ಯಾಶ್‌ಬೋರ್ಡನ್ನು ಮಧ್ಯಮ ವರ್ಗದ ಮನೆಗಳಿಗೆ ಪರಿಚಯಿಸಿತು. ಬಿಡಿಭಾಗಗಳ ಸಂಖ್ಯೆ ಹೆಚ್ಚಿದಂತೆ ಅವುಗಳ ನಡುವಿನ ಸಂದುಗಳೂ, ಸಂದುಗಳ ಜೊತೆಗೆ ಸಪ್ಪಳದ ಸಾಧ್ಯತೆಗಳೂ ಹೆಚ್ಚಿದವು.

ರಚನೆ

ಹೊರಗಿನಿಂದ ಒಂದೇ ಫಲಕದಂತೆ ಕಂಡರೂ ಡ್ಯಾಶ್‌ಬೋರ್ಡ್ ಹಲವು ಭಾಗಗಳ ಜೋಡಣೆ. ಒಳಗೆ ಕಾರಿನ ಎಡಗಡೆಯಿಂದ ಬಲಗಡೆಯವರೆಗೆ ಅಡ್ಡಲಾಗಿ ಹಾದುಹೋಗುವ ಲೋಹದ ತೊಲೆಯೊಂದಿರುತ್ತದೆ. ಸ್ಟಿಯರಿಂಗ್ ಕಂಬ, ಎಸಿ ಪೆಟ್ಟಿಗೆ ಮತ್ತು ಪ್ಲಾಸ್ಟಿಕ್ ಫಲಕಗಳೆಲ್ಲ ಇದಕ್ಕೆ ಆತುಕೊಂಡಿರುತ್ತವೆ. ಫಲಕಗಳಿಗೆ ಪಾಲಿಪ್ರೊಪಿಲೀನ್, ಏಬಿಎಸ್ ಮೊದಲಾದ ಪ್ಲಾಸ್ಟಿಕ್‌ಗಳನ್ನು ಬಳಸುತ್ತಾರೆ. ಇವು ಕೆಲವೆಡೆ ಸ್ಕ್ರೂಗಳಿಂದ, ಹೆಚ್ಚಿನೆಡೆ ಒತ್ತಿದರೆ ಕೂರುವ ಕ್ಲಿಪ್‌ಗಳಿಂದ ನಿಂತಿರುತ್ತವೆ. ಗಾಳಿಯ ಕೊಳವೆಗಳು, ತಂತಿಗಳ ಕಟ್ಟುಗಳು, ಮ್ಯೂಸಿಕ್ ಸಿಸ್ಟಮ್, ಗ್ಲೋವ್ ಬಾಕ್ಸ್ ಮತ್ತು ಎಸಿ ಗಾಳಿಯ ಜಾಲರಿಗಳು ಇದೇ ಜಾಗದಲ್ಲಿ ಅಡಕವಾಗಿರುತ್ತವೆ.

ಸಪ್ಪಳದ ಬಗೆಗಳು

ಸದ್ದು ಹುಟ್ಟುವ ರೀತಿಯನ್ನು ಆಧರಿಸಿ ಮೂರು ಬಗೆಗಳನ್ನು ಗುರುತಿಸಲಾಗುತ್ತದೆ.

ಖಡಖಡ ಸದ್ದು: ನಡುವೆ ಸಣ್ಣ ಸಂದು ಇರುವ ಎರಡು ಭಾಗಗಳು ಅಲುಗಾಡಿ ಪದೇಪದೇ ಬಡಿದುಕೊಂಡಾಗ ಇದು ಹುಟ್ಟುತ್ತದೆ. ಸರಿಯಾಗಿ ಕೂರದ ಗ್ಲೋವ್ ಬಾಕ್ಸ್ ಮುಚ್ಚಳ ಮತ್ತು ಕೊಳವೆಗೆ ಬಡಿಯುವ ತಂತಿಯ ಕನೆಕ್ಟರ್ ಇದಕ್ಕೆ ಉದಾಹರಣೆ.

ಕಿರುಗುಟ್ಟುವಿಕೆ: ಒತ್ತಿಕೊಂಡಿರುವ ಎರಡು ಮೇಲ್ಮೈಗಳು ಒಂದು ಕ್ಷಣ ಅಂಟಿಕೊಂಡು, ಒತ್ತಡ ಹೆಚ್ಚಿದಾಗ ತಟ್ಟನೆ ಜಾರಿ, ಮತ್ತೆ ಅಂಟಿಕೊಳ್ಳುವುದರಿಂದ ಉಂಟಾಗುತ್ತದೆ. ಪಿಟೀಲಿನ ತಂತಿಯ ಮೇಲೆ ಕಮಾನು ಎಳೆದಾಗ ನಾದ ಹುಟ್ಟುವುದೂ ಇದೇ ತತ್ತ್ವದಿಂದ. ವಾಹನ ನಿಧಾನವಾಗಿ ಹಳ್ಳಕ್ಕಿಳಿದು ಏರುವಾಗ, ಅಂದರೆ ಇಡೀ ಕವಚ ಸ್ವಲ್ಪ ತಿರುಚಿಕೊಳ್ಳುವಾಗ ಇದು ಸ್ಪಷ್ಟವಾಗಿ ಕೇಳುತ್ತದೆ.

ಗುಂಯ್‌ಗುಡುವಿಕೆ: ತೆಳುವಾದ ಫಲಕ ಅಥವಾ ಕವಚದ ಸಹಜ ಕಂಪನಾಂಕವು ಹೊರಗಿನ ಕಂಪನಕ್ಕೆ ಹೊಂದಿದಾಗ ಅನುರಣನ ಉಂಟಾಗಿ ಈ ಸದ್ದು ಬರುತ್ತದೆ. ನಿರ್ದಿಷ್ಟ ಎಂಜಿನ್ ವೇಗದಲ್ಲಿ ಮಾತ್ರ ಕೇಳಿ, ವೇಗ ಬದಲಾದೊಡನೆ ಮಾಯವಾಗುವುದು ಇದರ ಲಕ್ಷಣ.

ಕಾರಣಗಳು

ಕಂಪನ: ನಾಲ್ಕು ಸಿಲಿಂಡರ್‌ಗಳ ನಾಲ್ಕು ಹೊಡೆತದ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 27 ದಹನಗಳು ನಡೆಯುತ್ತವೆ, ಮೂರು ಸಿಲಿಂಡರ್ ಎಂಜಿನ್‌ನಲ್ಲಿ 20. ಈ ಮಿಡಿತ ಎಂಜಿನ್ನನ್ನು ಹೊತ್ತ ರಬ್ಬರ್ ಮೌಂಟಿಂಗ್‌ಗಳ ಮೂಲಕ ಕವಚಕ್ಕೂ ಅಲ್ಲಿಂದ ಡ್ಯಾಶ್‌ಬೋರ್ಡಿಗೂ ತಲುಪುತ್ತದೆ. ಮೌಂಟಿಂಗ್ ಸವೆದಿದ್ದರೆ ಅದುವರೆಗೆ ಸುಮ್ಮನಿದ್ದ ಫಲಕಗಳೂ ಸದ್ದು ಮಾಡತೊಡಗುತ್ತವೆ. ಚಕ್ರಗಳ ಗಾಳಿಯ ಒತ್ತಡ ನಿಗದಿಗಿಂತ ಹೆಚ್ಚಿದ್ದರೂ ರಸ್ತೆಯ ಕುಲುಕಾಟ ಒಳಕ್ಕೆ ಹೆಚ್ಚಾಗಿ ಹಾಯುತ್ತದೆ.

ತಾಪ: ಬಿಸಿಗೆ ಪ್ಲಾಸ್ಟಿಕ್ ಉಕ್ಕಿಗಿಂತ ಹಲವು ಪಟ್ಟು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಏಬಿಎಸ್ ಪಟ್ಟಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.08 ಮಿ.ಮೀ. ಹಿಗ್ಗಿದರೆ, ಅಷ್ಟೇ ಉದ್ದದ ಉಕ್ಕು ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ಮುಂಜಾನೆ 25 ಡಿಗ್ರಿಯಲ್ಲಿದ್ದ ಫಲಕ ಮಧ್ಯಾಹ್ನ 65 ಡಿಗ್ರಿಗೆ ಏರಿದರೆ ಪ್ಲಾಸ್ಟಿಕ್ ಸುಮಾರು 3.2 ಮಿ.ಮೀ., ಉಕ್ಕು ಅರ್ಧ ಮಿ.ಮೀ.ಗಿಂತ ಕಡಿಮೆ ಬೆಳೆಯುತ್ತದೆ. ಈ ವ್ಯತ್ಯಾಸಕ್ಕೆ ಎಡೆಮಾಡಿಕೊಡಲು ತಯಾರಕರು ಸ್ಕ್ರೂ ರಂಧ್ರಗಳನ್ನು ಕೆಲವೆಡೆ ಉದ್ದನೆಯ ಸೀಳಿನಂತೆ ಇಟ್ಟಿರುತ್ತಾರೆ. ಬೆಳಿಗ್ಗೆ ಕೇಳಿದ ಸದ್ದು ಮಧ್ಯಾಹ್ನ ಇಲ್ಲವಾಗುವುದಕ್ಕೂ, ಬಿಸಿಲಲ್ಲಿ ನಿಂತ ಕಾರಿಗೆ ಎಸಿ ಹಾಕಿದ ಕೂಡಲೇ ಟಕ್ ಟಕ್ ಎನ್ನುವುದಕ್ಕೂ ಇದೇ ಕಾರಣ.

ವಯಸ್ಸು ಮತ್ತು ಹಿಂದಿನ ದುರಸ್ತಿ: ವರ್ಷಗಟ್ಟಲೆ ಬಿಸಿಲುಂಡ ಪ್ಲಾಸ್ಟಿಕ್ ಕ್ಲಿಪ್‌ಗಳು ಪೆಡಸಾಗಿ ಮುರಿಯುತ್ತವೆ. ಮ್ಯೂಸಿಕ್ ಸಿಸ್ಟಮ್ ಬದಲಿಸುವಾಗ ಅಥವಾ ಎಸಿ ರಿಪೇರಿಗಾಗಿ ಫಲಕ ಬಿಚ್ಚಿದಾಗ ಮುರಿದ ಕ್ಲಿಪ್, ಕಳೆದುಹೋದ ಸ್ಕ್ರೂ, ಮತ್ತೆ ಕಟ್ಟದೆ ಬಿಟ್ಟ ತಂತಿ ಇವು ಹೊಸ ಸಪ್ಪಳಗಳಿಗೆ ಆಗಾಗ್ಗೆ ಕಾರಣವಾಗುತ್ತವೆ.

ಹೊರಗಿನ ವಸ್ತುಗಳು: ನಾಣ್ಯ, ಪೆನ್ನು, ಕನ್ನಡಕದ ಪೆಟ್ಟಿಗೆ, ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ ದೇವರ ಮೂರ್ತಿ ಮತ್ತು ಮೊಬೈಲ್ ಸ್ಟ್ಯಾಂಡ್ ಈ ಗುಂಪಿಗೆ ಸೇರುತ್ತವೆ. ಮುಂಗಾಜಿನ ಬುಡದಿಂದ ಒಳಸೇರಿದ ಒಣ ಎಲೆಗಳು ಮತ್ತು ಇಲಿಗಳು ತಂದಿಟ್ಟ ಕಾಳು ಬ್ಲೋವರ್ ಫ್ಯಾನಿಗೆ ತಾಗಿದರೂ ಸದ್ದು ಬರುತ್ತದೆ.

ಕಲಬುರಗಿ ಸೀಮೆಯ ಪರಿಸ್ಥಿತಿ

ಹವೆ, ಮಣ್ಣು ಮತ್ತು ರಸ್ತೆ ಮೂರೂ ಈ ಸಮಸ್ಯೆಯನ್ನು ಹೇಗೆ ಹೆಚ್ಚಿಸುತ್ತವೆ ಎಂಬುದಕ್ಕೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ಒಳ್ಳೆಯ ಉದಾಹರಣೆ. ಆಳಂದ ತಾಲ್ಲೂಕಿನ ನಿಂಬರ್ಗಾ ಈ ಸೀಮೆಯ ಗ್ರಾಮಗಳಲ್ಲೊಂದು. ಇಲ್ಲಿನ ನೆಲದ ಬಹುಭಾಗ ತೊಗರಿ, ಜೋಳ ಬೆಳೆಯುವ ಕಪ್ಪು ಎರೆಮಣ್ಣು. ಈ ಮಣ್ಣಿನ ಜೇಡಿ ನೀರು ಹೀರಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಾಯಿಬಿಡುತ್ತದೆ. ಮಳೆಗಾಲ ಮತ್ತು ಬೇಸಿಗೆಯ ಈ ಏರಿಳಿತದಿಂದ ಅದರ ಮೇಲಿನ ಡಾಂಬರು ರಸ್ತೆ ಅಲೆಅಲೆಯಾಗಿ ಏಳುತ್ತದೆ, ಅಂಚುಗಳಲ್ಲಿ ಕುಸಿಯುತ್ತದೆ. ಇಂಥ ರಸ್ತೆಯಲ್ಲಿ ಎಡ ಮತ್ತು ಬಲ ಚಕ್ರಗಳು ಬೇರೆಬೇರೆ ಎತ್ತರದಲ್ಲಿ ಸಾಗುವುದರಿಂದ ಕವಚ ತಿರುಚಿಕೊಂಡು ಕಿರುಗುಟ್ಟುವಿಕೆ ಹೆಚ್ಚುತ್ತದೆ.

ಬೇಸಿಗೆಯಲ್ಲಿ ಈ ಭಾಗದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಮುಚ್ಚಿದ ಗಾಜಿನೊಳಗೆ, ನೇರ ಬಿಸಿಲಿಗೆ ಒಡ್ಡಿಕೊಂಡ ಡ್ಯಾಶ್‌ಬೋರ್ಡಿನ ಮೇಲ್ಮೈ ಹೊರಗಿನ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ. ಹೊಲದ ದಾರಿಗಳ ನುಣುಪಾದ ಧೂಳು ಸಂದುಗಳಲ್ಲಿ ಸೇರಿ ಫೆಲ್ಟ್ ಪಟ್ಟಿಗಳ ಅಂಟನ್ನು ಕೆಡಿಸುತ್ತದೆ, ಜಾರುವ ಭಾಗಗಳನ್ನು ಸವೆಸುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ ಸೂಚಿಸುವ ದುಂಡನೆಯ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರವಿದ್ದು ಗಂಟೆಗೆ 25 ಕಿ.ಮೀ. ವೇಗಕ್ಕೆ ಹೊಂದುವಂಥದ್ದು. ಅದಕ್ಕಿಂತ ಕಿರಿದಾಗಿ, ಕಡಿದಾಗಿ ಹಾಕಿದ ಉಬ್ಬುಗಳು ಒಂದೇ ಪೆಟ್ಟಿಗೆ ಡ್ಯಾಶ್‌ಬೋರ್ಡನ್ನು ಕುಲುಕಿಸುತ್ತವೆ. ಬಿಸಿಲಿಗೆ ನಿಂತ ಕಾರಿನ ಮುಂಗಾಜಿಗೆ ಪರದೆ ಹಾಕುವುದು, ಸಾಧ್ಯವಿದ್ದಲ್ಲಿ ನೆರಳಲ್ಲಿ ನಿಲ್ಲಿಸುವುದು ಕ್ಲಿಪ್‌ಗಳ ಬಾಳಿಕೆಯನ್ನು ಹೆಚ್ಚಿಸುತ್ತದೆ.

ಮೂಲದ ಪತ್ತೆ

ಸದ್ದು ಕೇಳುವ ಜಾಗವೇ ಅದು ಹುಟ್ಟುವ ಜಾಗ ಆಗಿರಬೇಕೆಂದಿಲ್ಲ. ಟೊಳ್ಳಾದ ಗಾಳಿಯ ಕೊಳವೆಗಳು ಸದ್ದನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿಸುತ್ತವೆ. ಮುಂಗಾಜು ಅದನ್ನು ಪ್ರತಿಫಲಿಸುತ್ತದೆ. ಆದ್ದರಿಂದ ಪತ್ತೆಯನ್ನು ಕ್ರಮವಾಗಿ ಮಾಡುವುದು ಅಗತ್ಯ.

1. ಗ್ಲೋವ್ ಬಾಕ್ಸ್, ಬಾಗಿಲಿನ ಜೇಬು, ಕಪ್ ಇಡುವ ಗುಳಿ, ಸೀಟಿನ ಅಡಿ ಎಲ್ಲವನ್ನೂ ಖಾಲಿ ಮಾಡಿ ಒಮ್ಮೆ ಓಡಿಸಿ ನೋಡಬೇಕು.
2. ಕಾರು ನಿಂತಿರುವಾಗ ಎಂಜಿನ್ ಚಾಲೂ ಮಾಡಿ, ಸದ್ದು ಬರುವುದೇ ಎಂದು ಪರೀಕ್ಷಿಸಬೇಕು. ಬಂದರೆ ಅದು ಎಂಜಿನ್ ಕಂಪನಕ್ಕೆ ಸಂಬಂಧಿಸಿದ್ದು. ಎಸಿ ಫ್ಯಾನಿನ ವೇಗದೊಂದಿಗೆ ಸದ್ದೂ ಬದಲಾದರೆ ದೋಷ ಬ್ಲೋವರ್‌ನಲ್ಲಿದೆ.
3. ನಿಂತ ಕಾರಿನಲ್ಲಿ ಬರದಿದ್ದರೆ ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ ಹಲವು ಸಲ ಓಡಿಸಬೇಕು. ಆಗ ಚಾಲಕ ರಸ್ತೆಯನ್ನಷ್ಟೇ ಗಮನಿಸಬೇಕು. ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಫಲಕಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತಿ ನೋಡಬೇಕು. ಒತ್ತಿದಾಗ ಸದ್ದು ನಿಂತರೆ ಅಥವಾ ಬದಲಾದರೆ ಮೂಲ ಅದರ ಸಮೀಪದಲ್ಲಿದೆ ಎಂದರ್ಥ. ಪ್ರಯಾಣಿಕರ ಎದುರಿನ ಏರ್‌ಬ್ಯಾಗ್ ಮುಚ್ಚಳವನ್ನು ಮಾತ್ರ ಓಡುವ ಕಾರಿನಲ್ಲಿ ಒತ್ತಬಾರದು.
4. ಸಂಶಯವಿರುವ ಅಂಚುಗಳಿಗೆ ಕಾಗದದ ಟೇಪನ್ನು ತಾತ್ಕಾಲಿಕವಾಗಿ ಅಂಟಿಸಿ ಮತ್ತೆ ಓಡಿಸಬೇಕು. ಒಂದು ಸಲಕ್ಕೆ ಒಂದೇ ಜಾಗವನ್ನು ಪರೀಕ್ಷಿಸಿದರೆ ಫಲಿತಾಂಶ ಸ್ಪಷ್ಟವಾಗಿರುತ್ತದೆ.
5. ಸದ್ದು ಬಂದ ಹೊತ್ತು, ಬಿಸಿಲು, ವೇಗ ಮತ್ತು ರಸ್ತೆಯ ಬಗೆಯನ್ನು ಬರೆದಿಟ್ಟುಕೊಂಡರೆ ಮೆಕ್ಯಾನಿಕ್‌ಗೆ ಕೆಲಸ ಸುಲಭವಾಗುತ್ತದೆ.

ಡ್ಯಾಶ್‌ಬೋರ್ಡಿನದೆಂದು ತೋರುವ ಕೆಲವು ಸದ್ದುಗಳು ನಿಜವಾಗಿ ವೈಪರ್ ಕೆಳಗಿನ ಪ್ಲಾಸ್ಟಿಕ್ ಪಟ್ಟಿ, ಬಾನೆಟ್ ಕೊಂಡಿ, ಒಳಕನ್ನಡಿ ಅಥವಾ ಸೀಟ್ ಬೆಲ್ಟ್ ಬಕಲಿನಿಂದ ಬರುತ್ತಿರುತ್ತವೆ.

ದುರಸ್ತಿ

ಬಡಿತಕ್ಕೆ ಪರಿಹಾರ ಸಂದನ್ನು ಮುಚ್ಚುವುದು ಅಥವಾ ಭಾಗವನ್ನು ಬಿಗಿಯಾಗಿ ನಿಲ್ಲಿಸುವುದು. ಮುರಿದ ಕ್ಲಿಪ್‌ಗೆ ಬದಲಾಗಿ ಅದೇ ಮಾದರಿಯ ಹೊಸದನ್ನು ಹಾಕಬೇಕು. ತಂತಿಗಳ ಕಟ್ಟಿಗೆ ಬಟ್ಟೆಯ ಟೇಪು ಸುತ್ತಿ ಅದರ ಮೂಲ ಕೊಂಡಿಗೆ ಮತ್ತೆ ಸಿಕ್ಕಿಸುವುದು ರೂಢಿ. ಗ್ಲೋವ್ ಬಾಕ್ಸ್ ಮುಚ್ಚಳ ಅಲುಗಾಡಿದರೆ ಅದರ ರಬ್ಬರ್ ಗುಂಡಿಗಳನ್ನು ಹೊಸದಾಗಿ ಹಾಕಿದರೆ ಸಾಕಾಗುತ್ತದೆ.

ಉಜ್ಜುವಿಕೆಗೆ ಪರಿಹಾರ ಎರಡು ಮೇಲ್ಮೈಗಳ ನಡುವೆ ಮೆತ್ತನೆಯ ಪದರವನ್ನು ಇಡುವುದು. ಇದಕ್ಕೆ ಅಂಟುಳ್ಳ ಫೆಲ್ಟ್ ಪಟ್ಟಿ ಬಳಕೆಯಲ್ಲಿದೆ. ಅಂಟಿಸುವ ಮೊದಲು ಧೂಳನ್ನು ಒರೆಸಿ ಜಾಗವನ್ನು ಒಣಗಿಸದಿದ್ದರೆ ಬಿಸಿಲಿಗೆ ಪಟ್ಟಿ ಕಳಚಿಬೀಳುತ್ತದೆ. ಪಟ್ಟಿ ಹಿಡಿಸದ ಕಿರಿದಾದ ಸಂದಿಗೆ ಪ್ಲಾಸ್ಟಿಕ್‌ಗೆ ಹೊಂದುವ ಸಿಲಿಕೋನ್ ಗ್ರೀಸ್ ಅಲ್ಪ ಪ್ರಮಾಣದಲ್ಲಿ ಬಳಸಬಹುದು. ಎಂಜಿನ್ ಆಯಿಲ್, ಸೀಮೆಎಣ್ಣೆ ಮುಂತಾದ ಪೆಟ್ರೋಲಿಯಂ ಎಣ್ಣೆಗಳು ಧೂಳನ್ನು ಹಿಡಿಯುವುದಲ್ಲದೆ ರಬ್ಬರನ್ನು ಉಬ್ಬಿಸಿ ಕೆಲವು ಪ್ಲಾಸ್ಟಿಕ್‌ಗಳಲ್ಲಿ ಬಿರುಕು ಮೂಡಿಸುತ್ತವೆ. ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಹೊಳಪಿನ ದ್ರವ ಸಿಂಪಡಿಸಿದರೆ ಮುಂಗಾಜಿನಲ್ಲಿ ಅದರ ಪ್ರತಿಬಿಂಬ ಮೂಡಿ ನೋಟಕ್ಕೆ ಅಡ್ಡಿಯಾಗುತ್ತದೆ.

ಸ್ಕ್ರೂಗಳನ್ನು ಅತಿಯಾಗಿ ಬಿಗಿಯುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಇದರಿಂದ ಪ್ಲಾಸ್ಟಿಕ್‌ನೊಳಗಿನ ಮರೆ ಕಿತ್ತುಹೋಗುತ್ತದೆ. ಹಿಗ್ಗಲು ಬಿಟ್ಟ ಜಾಗವೂ ಇಲ್ಲವಾಗಿ ಬಿಸಿಲಿನಲ್ಲಿ ಹೊಸ ಕಿರುಗುಟ್ಟುವಿಕೆ ಆರಂಭವಾಗುತ್ತದೆ. ಫಲಕ ಎಬ್ಬಿಸಲು ಲೋಹದ ಸ್ಕ್ರೂಡ್ರೈವರ್ ಬದಲು ಪ್ಲಾಸ್ಟಿಕ್ ಸಲಾಕೆಯನ್ನು ಬಳಸಿದರೆ ಅಂಚುಗಳಿಗೆ ಗಾಯವಾಗುವುದಿಲ್ಲ. ವಾರಂಟಿ ಇರುವ ಕಾರಿನಲ್ಲಿ ಬಿಚ್ಚುವ ಕೆಲಸವನ್ನು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಬಿಡುವುದು ಒಳಿತು.

ಸುರಕ್ಷತೆ

ಭಾರತದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ 2019ರ ಜುಲೈ 1ರಿಂದ ಕಡ್ಡಾಯವಾಯಿತು. ಮುಂದಿನ ಸೀಟಿನ ಪ್ರಯಾಣಿಕರ ಏರ್‌ಬ್ಯಾಗ್ ಹೊಸ ಮಾದರಿಗಳಿಗೆ 2021ರ ಏಪ್ರಿಲ್ 1ರಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2021ರ ಡಿಸೆಂಬರ್ 31ರಿಂದ ಕಡ್ಡಾಯವಾಯಿತು. ಪ್ರಯಾಣಿಕರ ಏರ್‌ಬ್ಯಾಗ್ ಇರುವುದು ಡ್ಯಾಶ್‌ಬೋರ್ಡಿನೊಳಗೇ. ಅಪಘಾತವಾದ ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ಅದು ಫಲಕದಲ್ಲಿ ಮೊದಲೇ ಗುರುತಿಸಿಟ್ಟ ದುರ್ಬಲ ಗೆರೆಯನ್ನು ಸೀಳಿಕೊಂಡು ಹೊರಬರುತ್ತದೆ. ಆ ಗೆರೆಯ ಮೇಲೆ ಅಂಟು, ಟೇಪು ಅಥವಾ ಫೋಮ್ ಹಾಕಿದರೆ ಅದು ತೆರೆಯುವ ರೀತಿ ಬದಲಾಗಬಹುದು. ಅಲ್ಲಿ ಅಂಟಿಸಿದ ಮೂರ್ತಿ ಅಥವಾ ಮೊಬೈಲ್ ಸ್ಟ್ಯಾಂಡ್ ಸಿಡಿದು ಪ್ರಯಾಣಿಕರಿಗೆ ಬಡಿಯಬಹುದು. ಮುಂಗಾಜಿನ ಎರಡು ಪಕ್ಕದ ಕಂಬಗಳ ಕವಚಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ, ಏಕೆಂದರೆ ಪಕ್ಕದ ಪರದೆ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದರ ತುದಿ ಅಲ್ಲಿ ಅಡಗಿರುತ್ತದೆ.

ಏರ್‌ಬ್ಯಾಗ್ ನಿಯಂತ್ರಕವು ಬ್ಯಾಟರಿ ಕಳಚಿದ ನಂತರವೂ ಸ್ವಲ್ಪ ಕಾಲ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಆದ್ದರಿಂದ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ತಯಾರಕರ ಕೈಪಿಡಿ ಹೇಳಿದಷ್ಟು ಹೊತ್ತು ಕಾಯದೆ ತರಬೇತಿ ಪಡೆದ ಮೆಕ್ಯಾನಿಕ್ ಸಹ ಇಂಥ ಭಾಗವನ್ನು ಮುಟ್ಟುವುದಿಲ್ಲ. ಏರ್‌ಬ್ಯಾಗಿನ ತಂತಿಗಳ ಕನೆಕ್ಟರ್‌ಗಳಿಗೆ ಸಾಮಾನ್ಯವಾಗಿ ಹಳದಿ ಬಣ್ಣ ಇರುತ್ತದೆ. ಮನೆಯಲ್ಲಿ ಕೆಲಸ ಮಾಡುವವರು ಅವನ್ನು ಕಂಡಲ್ಲಿಗೆ ನಿಲ್ಲಿಸುವುದು ಸುರಕ್ಷಿತ.

ಎಲ್ಲ ಸಪ್ಪಳವೂ ಫೆಲ್ಟ್ ಪಟ್ಟಿಯಿಂದ ಹೋಗುವಂಥದ್ದಲ್ಲ. ಸ್ಟಿಯರಿಂಗ್ ತಿರುಗಿಸಿದಾಗ ಮಾತ್ರ ಬರುವ ಟಕ್ ಸದ್ದು, ಬ್ರೇಕ್ ಒತ್ತಿದಾಗ ಪೆಡಲಿಗೂ ಹಾಯುವ ನಡುಕ, ಚಕ್ರದ ವೇಗದೊಂದಿಗೆ ಏರುವ ಗುರುಗುಟ್ಟುವಿಕೆ ಇವು ಸ್ಟಿಯರಿಂಗ್ ಜೋಡಣೆ, ಬ್ರೇಕ್ ಅಥವಾ ಚಕ್ರದ ಬೇರಿಂಗ್‌ನ ದೋಷವನ್ನು ಸೂಚಿಸಬಹುದು. ಇವನ್ನು ಡ್ಯಾಶ್‌ಬೋರ್ಡಿನ ಸದ್ದೆಂದು ಕಡೆಗಣಿಸದೆ ಕೂಡಲೇ ಪರೀಕ್ಷಿಸಬೇಕು.

ಉದ್ಯಮದಲ್ಲಿ

ವಾಹನ ತಯಾರಕರು ಈ ಸದ್ದುಗಳನ್ನು ವಿನ್ಯಾಸದ ಹಂತದಲ್ಲೇ ತಡೆಯಲು ಯತ್ನಿಸುತ್ತಾರೆ. ಇಡೀ ಕಾರನ್ನು ಅಥವಾ ಡ್ಯಾಶ್‌ಬೋರ್ಡನ್ನು ಮಾತ್ರ ಕಂಪನ ಯಂತ್ರದ ಮೇಲಿಟ್ಟು, ಬಿಸಿ ಮತ್ತು ತಂಪಿನಲ್ಲಿ ರಸ್ತೆಯ ಕುಲುಕಾಟವನ್ನು ಅನುಕರಿಸಲಾಗುತ್ತದೆ. ಯಾವ ಪ್ಲಾಸ್ಟಿಕ್ ಯಾವುದರ ಮೇಲೆ ಉಜ್ಜಿದರೆ ಕಿರುಗುಟ್ಟುತ್ತದೆ ಎಂಬುದನ್ನು ಅಳೆಯಲು ಜರ್ಮನಿಯ ವಾಹನ ಉದ್ಯಮ ಸಂಘದ ವಿಡಿಎ 230-206 ಎಂಬ ಮಾನದಂಡ ಬಳಕೆಯಲ್ಲಿದೆ. ಭಾರತದಲ್ಲಿ 1966ರಲ್ಲಿ ಸ್ಥಾಪನೆಯಾದ ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ವಾಹನಗಳ ಶಬ್ದ ಮತ್ತು ಕಂಪನದ ಪರೀಕ್ಷೆಗಳನ್ನು ನಡೆಸುತ್ತದೆ.

ವಿದ್ಯುತ್ ಕಾರುಗಳು ಈ ವಿಷಯಕ್ಕೆ ಹೊಸ ಮಹತ್ವ ತಂದಿವೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಭಾರತದ ಮೊದಮೊದಲ ವಿದ್ಯುತ್ ಕಾರುಗಳಲ್ಲೊಂದು. ಇಂಥ ವಾಹನಗಳಲ್ಲಿ ಎಂಜಿನ್ ದಹನದ ಸದ್ದು ಇಲ್ಲದಿರುವುದರಿಂದ, ಪೆಟ್ರೋಲ್ ಅಥವಾ ಡೀಸೆಲ್ ಕಾರಿನಲ್ಲಿ ಅದರಡಿ ಮುಚ್ಚಿಹೋಗುತ್ತಿದ್ದ ಸಣ್ಣ ಸಪ್ಪಳವೂ ಸ್ಪಷ್ಟವಾಗಿ ಕೇಳುತ್ತದೆ.