ಅತ್ತೂರಿನ ಸಂತ ಲಾರೆನ್ಸರೂ ದೇವಾಲಯದ ಭಂಡಾರವೂ

ಜನವರಿ ತಿಂಗಳು ಬಂತೆಂದರೆ ನಮ್ಮ ಅಲೆವೂರಿನ ಕಡೆಯಿಂದಲೂ ಜನರು ಅತ್ತೂರು ಜಾತ್ರೆಗೆ ಹೊರಡುತ್ತಾರೆ. ಮಣಿಪಾಲ, ಹಿರಿಯಡ್ಕ, ಬೈಲೂರು ಮಾರ್ಗವಾಗಿ ಕಾರ್ಕಳಕ್ಕೆ ಹೋಗಿ, ಅಲ್ಲಿಂದ ಕೆಲವೇ ಕಿಲೋಮೀಟರು ಸಾಗಿದರೆ ಸಂತ ಲಾರೆನ್ಸರ ಇಗರ್ಜಿ. ತುಳುವರ ಬಾಯಲ್ಲಿ ಅದು ‘ಸಾಂತ್‌ಮಾರಿ’. ಹೋಗುವವರಲ್ಲಿ ಕ್ರೈಸ್ತರಷ್ಟೇ ಅಲ್ಲ, ಹಿಂದೂಗಳೂ ಮುಸಲ್ಮಾನರೂ ಇದ್ದಾರೆ. ಮಕ್ಕಳಾಗಲೆಂದು, ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತು ಮೇಣದ ಬತ್ತಿ ಉರಿಸಿ ಬರುತ್ತಾರೆ. ಆದರೆ ಆ ಸಂತರು ಯಾರು, ಯಾವ ಊರಿನವರು, ಯಾವ ಕಾರಣಕ್ಕೆ ಸಂತರೆನಿಸಿದರು ಎಂದು ಕೇಳಿದರೆ ಉತ್ತರಿಸುವವರು ವಿರಳ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈ ಪ್ರಶ್ನೆಯನ್ನು ನನಗೇ ಹಾಕಿದ್ದುಂಟು. ನಾನು ಕ್ರೈಸ್ತನಲ್ಲ, ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದವನು. ಆ ದೃಷ್ಟಿಯಿಂದಲೇ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಂತ ಲಾರೆನ್ಸರು ಕ್ರಿಸ್ತಶಕ ಮೂರನೆಯ ಶತಮಾನದವರು. ರೋಮ್ ನಗರದ ಕ್ರೈಸ್ತ ಸಮುದಾಯದಲ್ಲಿ ಡೀಕನ್ ಆಗಿದ್ದವರು. ಡೀಕನ್ ಎಂಬ ಗ್ರೀಕ್ ಮೂಲದ ಶಬ್ದಕ್ಕೆ ಸೇವಕ ಎಂದು ಅರ್ಥ. ರೋಮಿನಲ್ಲಿದ್ದ ಏಳು ಮಂದಿ ಡೀಕನ್ನರಲ್ಲಿ ಅವರೊಬ್ಬರು. ಸಮುದಾಯದ ಹಣವನ್ನು ನೋಡಿಕೊಳ್ಳುವುದು, ಬಡವರಿಗೂ ವಿಧವೆಯರಿಗೂ ಅದನ್ನು ಹಂಚುವುದು ಅವರ ಹೊಣೆಯಾಗಿತ್ತು. ಆಗ ಕ್ರೈಸ್ತಧರ್ಮಕ್ಕೆ ರಾಜಮನ್ನಣೆ ಇರಲಿಲ್ಲ. ಕ್ರಿ.ಶ. 258ರಲ್ಲಿ ಸಾಮ್ರಾಟ ವ್ಯಾಲೇರಿಯನ್ ಧರ್ಮಗುರುಗಳನ್ನೂ ಡೀಕನ್ನರನ್ನೂ ಕೊಲ್ಲಬೇಕೆಂದು ಆಜ್ಞೆ ಹೊರಡಿಸಿದನು. ಆ ವರ್ಷದ ಆಗಸ್ಟ್ 6ರಂದು ಪೋಪ್ ಎರಡನೆಯ ಸಿಕ್ಸ್‌ಟಸ್ ಹತರಾದರು. ನಾಲ್ಕು ದಿನಗಳ ತರುವಾಯ, ಆಗಸ್ಟ್ 10ರಂದು, ಲಾರೆನ್ಸರ ಸರದಿ ಬಂದಿತು.

ಈ ನಾಲ್ಕು ದಿನಗಳ ಬಗ್ಗೆ ಪರಂಪರೆ ಹೇಳುವ ಕಥೆಯೇ ಅವರನ್ನು ಲೋಕಪ್ರಸಿದ್ಧರನ್ನಾಗಿಸಿತು. ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಧರ್ಮಾಧ್ಯಕ್ಷರಾಗಿದ್ದ ಸಂತ ಅಂಬ್ರೋಸರು ಇದನ್ನು ಬರೆದಿಟ್ಟಿದ್ದಾರೆ. ದೇವಾಲಯದ ಸಂಪತ್ತನ್ನೆಲ್ಲ ಒಪ್ಪಿಸೆಂದು ಲಾರೆನ್ಸರಿಗೆ ಅಪ್ಪಣೆಯಾಯಿತು. ಅವರು ಮೂರು ದಿನಗಳ ಕಾಲಾವಕಾಶ ಕೇಳಿ, ಕೈಯಲ್ಲಿದ್ದುದನ್ನೆಲ್ಲ ಬಡವರಿಗೆ ಹಂಚಿಬಿಟ್ಟರು. ಮೂರನೆಯ ದಿನ ಅಧಿಕಾರಿಯ ಎದುರಿಗೆ ರೋಮಿನ ಕುರುಡರನ್ನು, ಕುಂಟರನ್ನು, ಅನಾಥರನ್ನು ಸಾಲಾಗಿ ತಂದು ನಿಲ್ಲಿಸಿ, ದೇವಾಲಯದ ಭಂಡಾರವೆಂದರೆ ಇವರೇ ಎಂದರು. ಅವರನ್ನು ಕಬ್ಬಿಣದ ಸಲಾಕೆಗಳ ಮೇಲೆ ಮಲಗಿಸಿ ಸುಟ್ಟರೆಂದು ಪರಂಪರೆ. ಆ ಆಜ್ಞೆಯ ಪ್ರಕಾರ ಶಿರಚ್ಛೇದವಾಗಿರಬೇಕೆಂದು ಅನೇಕ ಇತಿಹಾಸಕಾರರ ಅಭಿಪ್ರಾಯ. ಅವರ ಚಿತ್ರಗಳಲ್ಲಿ ಕೈಯಲ್ಲಿ ಕಬ್ಬಿಣದ ಜಾಲರಿಯೊಂದು ಕಾಣುವುದು ಈ ಕಥೆಯಿಂದಾಗಿಯೇ. ಆಜ್ಞೆ ಹೊರಡಿಸಿದ ವ್ಯಾಲೇರಿಯನ್ ಎರಡೇ ವರ್ಷಗಳಲ್ಲಿ, 260ರಲ್ಲಿ, ಪರ್ಷಿಯನ್ನರ ಸೆರೆಯಾಳಾದನು.

ರೋಮಿನ ಈ ಸಂತರು ಕಾರ್ಕಳದ ಸೀಮೆಗೆ ಬಂದ ಬಗೆ ನಮ್ಮ ಜಿಲ್ಲೆಯ ಚರಿತ್ರೆಯ ಒಂದು ಕಷ್ಟದ ಅಧ್ಯಾಯದೊಡನೆ ಬೆಸೆದುಕೊಂಡಿದೆ. ಗೋವೆಯಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರು ಘಟ್ಟದ ತಪ್ಪಲಿನವರೆಗೂ ನೆಲೆಸಿ ಬೇಸಾಯಗಾರರಾಗಿದ್ದರು. ಅತ್ತೂರು ಧರ್ಮಕೇಂದ್ರದ ಮೊದಲ ಇಗರ್ಜಿ ಕಟ್ಟಲ್ಪಟ್ಟದ್ದು 1759ರಲ್ಲಿ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಸಂಶಯದ ಮೇಲೆ 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಪಾದ್ರಿಗಳು ಗಡಿಪಾರಾದರು, ಇಗರ್ಜಿಗಳು ನೆಲಸಮವಾದವು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅದು ಸಾವಿರಾರು ಕುಟುಂಬಗಳ ಬದುಕನ್ನು ಮುರಿದುದರ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಮೇಲೆಯೇ ಉಳಿದವರಿಗೆ ಊರಿನ ದಾರಿ ತೆರೆಯಿತು.

ಆ ಹದಿನೈದು ವರ್ಷ ಪಾದ್ರಿಯಿಲ್ಲದ ಜನರು ಧರ್ಮವನ್ನು ಹೇಗೆ ಉಳಿಸಿಕೊಂಡರೆಂದು ಓದುಗರಿಗೆ ಅನಿಸಬಹುದು. ಕಥೋಲಿಕ ಧರ್ಮಸಭೆಯಲ್ಲಿ ಏಳು ಸಂಸ್ಕಾರಗಳಿವೆ: ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ, ಗುರುದೀಕ್ಷೆ ಮತ್ತು ವಿವಾಹ. ಇವುಗಳಲ್ಲಿ ಹೆಚ್ಚಿನವಕ್ಕೆ ಗುರುಗಳೇ ಬೇಕು. ಆದರೆ ದೀಕ್ಷಾಸ್ನಾನವನ್ನು, ಪ್ರಾಣಾಪಾಯದಂತಹ ಅನಿವಾರ್ಯ ಸಂದರ್ಭದಲ್ಲಿ, ಯಾರು ಬೇಕಾದರೂ ನೀಡಬಹುದು. ಧರ್ಮಸಭೆಯ ಉದ್ದೇಶವನ್ನೇ ತನ್ನ ಉದ್ದೇಶವಾಗಿ ಇಟ್ಟುಕೊಂಡು, ನೀರು ಹೊಯ್ದು ನಿಗದಿತ ಮಾತುಗಳನ್ನು ಹೇಳಿದರಾಯಿತು. ಹೇಳುವವನು ಕ್ರೈಸ್ತನೇ ಆಗಿರಬೇಕೆಂಬ ನಿಯಮವೂ ಇಲ್ಲ. ಬಾಗಿಲನ್ನು ಇಷ್ಟು ಅಗಲವಾಗಿ ತೆರೆದಿಟ್ಟ ಈ ವಿಧಿಯನ್ನು ಮೊದಲು ಓದಿದಾಗ ನನಗೆ ಆಶ್ಚರ್ಯವೂ ಗೌರವವೂ ಉಂಟಾದವು.

ಮರಳಿದವರು ಬರಿಗೈಯವರಾಗಿದ್ದರು. ಅವರು ಹೊಸ ಇಗರ್ಜಿಗೆ ತಾಣವನ್ನು ಅರಸುತ್ತ ಸಂತ ಲಾರೆನ್ಸರ ಪುಟ್ಟ ಮರದ ಮೂರ್ತಿಯೊಡನೆ ಸಾಗುತ್ತಿದ್ದರೆಂದೂ, ಅತ್ತೂರಿನ ಗುಡ್ಡದ ಬಳಿಯ ಒರತೆಯೊಂದರ ಹತ್ತಿರ ವಿಶ್ರಾಂತಿಗೆಂದು ಇಳಿಸಿದ ಮೂರ್ತಿ ಮತ್ತೆ ಮೇಲೇಳಲಿಲ್ಲವೆಂದೂ ಸ್ಥಳೀಯ ಐತಿಹ್ಯ. ಅಲ್ಲಿಯೇ ಹುಲ್ಲಿನ ಮಾಡಿನ ಇಗರ್ಜಿಯೊಂದು ಎದ್ದಿತು. ಇಂದು ಭಕ್ತರು ತೀರ್ಥವೆಂದು ನೀರು ಒಯ್ಯುವ ಪುಷ್ಕರಿಣಿ ಅದೇ ಒರತೆಯೆಂದು ನಂಬಿಕೆ. ಮೂರ್ತಿ ನೆಲಕ್ಕಂಟಿದ ಕಥೆಗಳು ನಮ್ಮ ದೇವಸ್ಥಾನಗಳ ಸ್ಥಳಪುರಾಣಗಳಲ್ಲೂ ಬಹಳ ಇವೆ; ಒಂದೇ ಮಣ್ಣಿನ ಜನರು ಒಂದೇ ರೀತಿಯಲ್ಲಿ ದೈವಚಿತ್ತವನ್ನು ಅರಿತರು ಎಂದಷ್ಟೇ ನಾನು ತಿಳಿಯುತ್ತೇನೆ. ಹುಲ್ಲಿನ ಮಾಡಿನಿಂದ ಮೊದಲಾದ ಈ ಕೇಂದ್ರವನ್ನು 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಕಿರಿಯ ಬೆಸಿಲಿಕ ಪದವಿಗೆ ಏರಿಸಿದರು. ಕರ್ನಾಟಕದಲ್ಲಿ ಬೆಂಗಳೂರಿನ ಸಂತ ಮೇರಿಯಮ್ಮನವರ ಇಗರ್ಜಿಯ ಬಳಿಕ ಈ ಗೌರವ ಪಡೆದದ್ದು ಅತ್ತೂರು. ಮಂಗಳೂರಿನಿಂದ ಪ್ರತ್ಯೇಕವಾಗಿ 2012ರಲ್ಲಿ ರಚಿತವಾದ ಉಡುಪಿ ಧರ್ಮಪ್ರಾಂತಕ್ಕೆ ಅದು ಸೇರಿದೆ.

ಧರ್ಮಸಭೆಯ ಪಂಚಾಂಗದಲ್ಲಿ ಸಂತರ ದಿನ ಆಗಸ್ಟ್ 10. ನಮ್ಮಲ್ಲಿ ಅದು ಆಟಿ ತಿಂಗಳ ಮಳೆಯ ಕಾಲ. ದೊಡ್ಡ ಜಾತ್ರೆ ನಡೆಯುವುದು ಜನವರಿಯ ಕೊನೆಯ ವಾರದಲ್ಲಿ, ಕೊಯ್ಲು ಮುಗಿದು ಆಕಾಶ ತಿಳಿಯಾದ ಮೇಲೆ.

ಜಾತ್ರೆಗೆ ಹೋಗುವವರು ಎರಡು ವಿಷಯಗಳನ್ನು ತಿಳಿದಿರುವುದು ಲೇಸು. ಕಥೋಲಿಕ ಬೋಧನೆಯಂತೆ ಆರಾಧನೆ ದೇವರಿಗೆ ಮಾತ್ರ ಸಲ್ಲತಕ್ಕದ್ದು. ಸಂತರಿಗೆ ಸಲ್ಲುವುದು ಗೌರವ. ನಮಗಾಗಿ ಹಿರಿಯರೊಬ್ಬರು ಒಂದು ಮಾತು ಹೇಳಲೆಂದು ಬೇಡಿಕೊಳ್ಳುವಂತೆ, ನಮಗಾಗಿ ಪ್ರಾರ್ಥಿಸಿರೆಂದು ಸಂತರಲ್ಲಿ ಕೇಳಿಕೊಳ್ಳುವುದು. ಇನ್ನೊಂದು, ಮೇಣದ ಬತ್ತಿಯೂ ತೀರ್ಥವೂ ಏಳು ಸಂಸ್ಕಾರಗಳಲ್ಲಿ ಸೇರಿದವಲ್ಲ. ಅವು ಮನಸ್ಸನ್ನು ದೇವರ ಕಡೆಗೆ ತಿರುಗಿಸುವ ಸಾಧನಗಳು. ಬತ್ತಿ ಉರಿದುಹೋದ ಮೇಲೆ ಮನುಷ್ಯ ಹೇಗೆ ಬದುಕುತ್ತಾನೆ ಎಂಬುದಕ್ಕೇ ಧರ್ಮಸಭೆಯೂ ಬೆಲೆ ಕೊಡುತ್ತದೆ. ವಿಶ್ವಾಸ, ಭರವಸೆ, ಪ್ರೀತಿ ಎಂಬ ಮೂರು ದೈವಿಕ ಸದ್ಗುಣಗಳಲ್ಲಿ ಪ್ರೀತಿಯೇ ಹಿರಿದೆಂದು ಸಂತ ಪೌಲರ ಬೋಧೆ. ಆ ಪ್ರೀತಿಯನ್ನು ಕೈಗೆ ತರುವ ಏಳು ದಯಾಕಾರ್ಯಗಳನ್ನೂ ಧರ್ಮಸಭೆ ಎಣಿಸಿ ಕೊಟ್ಟಿದೆ: ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಬಟ್ಟೆಯಿಲ್ಲದವರಿಗೆ ಬಟ್ಟೆ, ನೆಲೆಯಿಲ್ಲದವರಿಗೆ ಆಶ್ರಯ, ರೋಗಿಗಳ ಭೇಟಿ, ಸೆರೆಯಲ್ಲಿರುವವರ ಭೇಟಿ ಮತ್ತು ಸತ್ತವರ ಸಂಸ್ಕಾರ. ಅತ್ತೂರನ್ನು ಕಟ್ಟಿದ ಜನರು ಹಸಿವು, ಸೆರೆ, ಸಾವು ಎಲ್ಲವನ್ನೂ ಮೈಮೇಲೆ ಅನುಭವಿಸಿದ್ದವರು ಎಂಬುದನ್ನು ನೆನೆದರೆ ಈ ಪಟ್ಟಿ ಬರಿಯ ಪಾಠವಾಗಿ ಉಳಿಯುವುದಿಲ್ಲ.

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತು. ಅತ್ತೂರು ಜಾತ್ರೆಗೆ ಹೋದವರೆಲ್ಲರೂ ದಾರಿಯ ಬದಿಯಲ್ಲಿ ಕುಳಿತ ಭಿಕ್ಷುಕರ ಸಾಲನ್ನು ಕಂಡಿರುತ್ತಾರೆ. ನಾವು ಸಾಮಾನ್ಯವಾಗಿ ಚಿಲ್ಲರೆಯನ್ನು ಮುಂಚಿತವಾಗಿಯೇ ಮುಷ್ಟಿಯಲ್ಲಿ ಹಿಡಿದು, ಮುಖ ನೋಡದೆ ಒಂದೊಂದು ನಾಣ್ಯವನ್ನು ಬೀಳಿಸುತ್ತ ಮುಂದೆ ಹೋಗುತ್ತೇವೆ. ಕೆಲವರು ಇದೇನು ಕಾಟವೆಂದು ಗೊಣಗುವುದೂ ಉಂಟು. ಆದರೆ ಲಾರೆನ್ಸರ ಕಥೆಯನ್ನು ಬಲ್ಲವನಿಗೆ ಆ ಸಾಲು ಬೇರೆಯಾಗಿಯೇ ಕಾಣಬೇಕು. ಕ್ರಿ.ಶ. 258ರಲ್ಲಿ ಅವರು ಅಧಿಕಾರಿಯ ಎದುರು ನಿಲ್ಲಿಸಿದ್ದು ಇಂಥದ್ದೇ ಒಂದು ಸಾಲನ್ನು. ಭಂಡಾರವನ್ನು ದಾಟಿ ಬಂದು, ಒಳಗೆ ಸಂತರ ಮೂರ್ತಿಯೆದುರು ನಮ್ಮ ಕೊರತೆಗಳನ್ನು ಹೇಳಿಕೊಳ್ಳುವುದು ವಿಚಿತ್ರವಲ್ಲವೇ?

ಭಿಕ್ಷಾಟನೆಯನ್ನು ಪ್ರೋತ್ಸಾಹಿಸಬಾರದು, ಅದರ ಹಿಂದೆ ವ್ಯಾಪಾರವೂ ಇರುತ್ತದೆ ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಅದರಲ್ಲಿ ತಥ್ಯವಿಲ್ಲದಿಲ್ಲ. ಆದರೆ ನಾಣ್ಯ ಕೊಡುವುದೊಂದೇ ದಾನವೆಂದು ಆ ಸಂತರೂ ಹೇಳಲಿಲ್ಲ. ಲೆಕ್ಕ ಇಟ್ಟು, ವಿಚಾರಿಸಿ, ಅರ್ಹರಿಗೆ ತಲುಪಿಸುವುದು ಡೀಕನ್ನರ ಕೆಲಸವಾಗಿತ್ತು. ನಮ್ಮೂರಲ್ಲೇ ಔಷಧಿಗೆ ಹಣವಿಲ್ಲದ ವೃದ್ಧರಿದ್ದಾರೆ, ಶುಲ್ಕ ಕಟ್ಟಲಾಗದೆ ಕಾಲೇಜು ಬಿಡುವ ಮಕ್ಕಳಿದ್ದಾರೆ. ನಾಲ್ಕು ದಶಕಗಳ ಹತ್ತಿರ ತರಗತಿಯಲ್ಲಿ ನಿಂತವನಿಗೆ ಅಂಥವರ ಮುಖಗಳು ಮರೆಯುವುದಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ನೀವು ಮುಂಬಯಿಯಲ್ಲಿರಿ, ಕೊಲ್ಲಿ ರಾಷ್ಟ್ರಗಳಲ್ಲಿರಿ, ರಜೆಯಲ್ಲಿ ಊರಿಗೆ ಬಂದಾಗ ಅತ್ತೂರಿಗೆ ಹೋಗಿ ಬನ್ನಿ. ಬತ್ತಿಯನ್ನೂ ಉರಿಸಿ, ಸಂತೆಯಲ್ಲಿ ಮಕ್ಕಳಿಗೆ ಮಿಠಾಯಿಯನ್ನೂ ಕೊಡಿಸಿ. ಹರಕೆಯೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ನೀವು ಹೆಸರು ಬಲ್ಲ ಒಬ್ಬ ಬಡವನಿಗಾಗಿ ಬೇರೆಯಾಗಿ ಇಡಿ. ಅವರ ಮನೆಗೆ ಹೋಗಿ ಕುಳಿತು, ಕ್ಷೇಮ ವಿಚಾರಿಸಿ, ಕೈಯಲ್ಲಿ ಕೊಟ್ಟು ಬನ್ನಿ.